ಆರ್ಡರ್‌ನಲ್ಲಿ ಕಳೆ ಅಂತಿದೆ

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ, ಬೆಳಗಿನ ಕಾಫಿ ಆದಮೇಲೆ

ಪ್ರೀತಿಯ ಸೊಸೆಗೆ,

ಹನ್ನೆರಡು ವರ್ಷದ ಹಿಂದೆ, ನೀನು ಈ ಮನೆಗೆ ಬರುವ ಹಿಂದಿನ ಬೇಸಿಗೆಯಲ್ಲಿ, ನೀರಿನ ಟ್ಯಾಂಕಿನ ಹಿಂದೆ ನಮ್ಮ ಬೀದಿಯವರು ಬೆಳೆದಿದ್ದ ತರಕಾರಿಯನ್ನೆಲ್ಲ ನಗರಪಾಲಿಕೆ ಒಂದೇ ಬೆಳಗ್ಗೆ ಬೇರುಸಮೇತ ಕಿತ್ತು ಕಸದ ಲಾರಿಗೆ ತುಂಬಿತು. ಅದು ತಪ್ಪು. ಆ ತಪ್ಪನ್ನು ಪಾಲಿಕೆ ಇವತ್ತಿನವರೆಗೂ ಒಪ್ಪಿಕೊಂಡಿಲ್ಲ. ಕಾಗದದ ಮೊದಲ ಸಾಲಿನಲ್ಲೇ ಇದನ್ನು ಬರೆದುಬಿಟ್ಟೆ, ಯಾಕೆಂದರೆ ಕ್ಷೇಮಸಮಾಚಾರದಿಂದ ಶುರುಮಾಡಿದರೆ ನಿನ್ನ ಮೇಲೆ ಮುದ್ದು ಉಕ್ಕಿ ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ. ಈಗ ಕ್ಷೇಮ ವಿಚಾರಿಸುತ್ತೇನೆ.

ಕೆಮ್ಮು ಹೇಗಿದೆ? ತರಬೇತಿ ಕೇಂದ್ರದ ಹಾಸಿಗೆ ಚಾಪೆಗಿಂತ ತೆಳ್ಳಗಿದೆ ಎಂದಿದ್ದೆ. ಇನ್ನೊಂದು ಹಾಸಿಗೆ ಕೇಳಿ ತಗೋ, ಪಾಲಿಕೆಯ ದೊಡ್ಡ ಅಧಿಕಾರಿಯಾಗಿ ಹೇಗೆ ಕೇಳುವುದು ಎಂದು ನಾಚಿಕೊಂಡು ಬೆನ್ನು ಹಿಡಿಸಿಕೊಂಡು ಬರಬೇಡ. ನಗರದಲ್ಲಿ ಸೊಪ್ಪು ತರಕಾರಿ ಬೆಳೆಯುವುದು ಹೇಗೆಂದು ಪಾಠ ಹೇಳುವವರ ಊಟದ ತಟ್ಟೆಯಲ್ಲಿ ಒಂದು ಎಲೆ ಸೊಪ್ಪಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದ್ದನ್ನು ನಿನ್ನ ಮಾವನಿಗೆ ಹೇಳಿದೆ. ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡರು. ಇಲ್ಲಿ ಎಲ್ಲರೂ ಆರೋಗ್ಯ. ನಾನು ಹಾಕುವ ಜಡೆ ಬಹಳ ಬಿಗಿಯಂತೆ. "ಅಜ್ಜಿ, ಕಣ್ಣು ಮುಚ್ಚೋಕೇ ಆಗ್ತಿಲ್ಲ" ಎಂದು ನಿನ್ನ ಮಗಳು ದಿನಾ ದೂರುತ್ತಾಳೆ. ನಿನ್ನ ಗಂಡ ಅಡುಗೆ ಮಾಡುತ್ತಿದ್ದಾನೆ. ಹೆತ್ತ ತಪ್ಪಿಗೆ ತಿನ್ನುತ್ತಿದ್ದೇನೆ. ಕೈಯಲ್ಲೇ ಫೋನಿರುವಾಗ ಅತ್ತೆಗೆ ಈ ಕಾಗದದ ಹುಚ್ಚು ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾನು ಜಗಳಗಂಟಿ, ಕಾಗದದಲ್ಲಿ ಸಭ್ಯಸ್ಥೆ. ನಿನಗೂ ಅದು ಗೊತ್ತಿರುವ ವಿಷಯವೇ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲದಲ್ಲಿ ನಾನು ಶಾಲೆಯ ಲೈಬ್ರರಿಯಲ್ಲಿ ಕೂತು ಮಕ್ಕಳ ತಲೆಮಾರುಗಳಿಗೆ "ಸದ್ದು, ಸದ್ದು" ಎಂದು ಗದರಿಸಿದೆ. ನಿನ್ನ ಕಾಲದಲ್ಲಿ ನೀನು ಬಾಯಿಗೆ ಬೀಗ ಹಾಕಿಕೊಂಡಿದ್ದ ಇಡೀ ಪಾಲಿಕೆಯನ್ನು ಮಾತಾಡಿಸಿದೆ. ಹೊಗಳಿದರೆ ಸೊಸೆ ತಲೆ ಮೇಲೆ ಕೂರುತ್ತಾಳೆ ಎಂದು ನನ್ನ ಅತ್ತೆ ಹೇಳುತ್ತಿದ್ದರು, ಅದಕ್ಕೇ ಅವರು ಸಾಯುವತನಕ ನನ್ನನ್ನು ಹೊಗಳಲಿಲ್ಲ. ನಾನು ಆ ಪಾಪ ಕಟ್ಟಿಕೊಳ್ಳುವುದಿಲ್ಲ. ಪಾಲಿಕೆಯ ಖಾಲಿ ಜಾಗಗಳನ್ನು ತರಕಾರಿ ಬೆಳೆಯಲು ಜನರಿಗೆ ಕೊಡುವ ಕಾರ್ಯಕ್ರಮಕ್ಕಾಗಿ ಎರಡು ವರ್ಷ ನೀನು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಭಾನುವಾರವೂ ಬಿಡದೆ ಖಾಲಿ ನಿವೇಶನ, ರೈಲು ಹಳಿಯ ಪಕ್ಕ, ಆಸ್ಪತ್ರೆಯ ಹಿತ್ತಿಲು ಎಂದು ಅಲೆದು, ಪ್ರತಿ ಜಾಗದ ಮಣ್ಣನ್ನು ಪರೀಕ್ಷೆಗೆಂದು ನಮ್ಮ ಮನೆಯ ಊಟದ ಡಬ್ಬಿಗಳಲ್ಲೇ ತುಂಬಿ ತರುತ್ತಿದ್ದೆ. ಒಂದು ದಿನ ಹಸಿದಿದ್ದ ನಿನ್ನ ಮಾವ ಮೇಜಿನ ಮೇಲಿದ್ದ ಡಬ್ಬಿ ತೆರೆದು, ಕನ್ನಡಕ ಏರಿಸಿಕೊಂಡು ನೋಡಿ, "ಇವತ್ತು ಮಗ ಅಡುಗೆ ಸ್ವಲ್ಪ ಜಾಸ್ತಿ ಸೀಯಿಸಿದ್ದಾನೆ" ಎಂದದ್ದು ನೆನಪಿದೆಯಲ್ಲ? ಸ್ಪೂನ್ ಕೂಡ ಕೈಯಲ್ಲಿತ್ತು. ನಾನು ಬರದಿದ್ದರೆ ಒಂದು ತುತ್ತು ತಿಂದೇಬಿಡುತ್ತಿದ್ದರು.

ಕೌನ್ಸಿಲ್ ಸಭೆಗೆ ನಾನು ಬಂದಿದ್ದೆನೆಂದು ನಿನಗೆ ಇದುವರೆಗೆ ಹೇಳಿಲ್ಲ. ಬಂದಿದ್ದೆ. ಸಾರ್ವಜನಿಕರ ಗ್ಯಾಲರಿಯ ಕೊನೇ ಬೆಂಚಿನಲ್ಲಿ, ಚರಂಡಿಯ ದೂರು ಹಿಡಿದು ಬಂದಿದ್ದ ಒಬ್ಬ ಯಜಮಾನರ ಪಕ್ಕ ಕೂತಿದ್ದೆ. ತೋಟಗಳಿಗೆ ನಲ್ಲಿ ಸಂಪರ್ಕ ಕೊಡಬೇಕು, ಅದಕ್ಕೆ ಮನೆಯ ದರವನ್ನೇ ಹಾಕಬೇಕು ಎಂದು ನೀನು ಎದ್ದು ಓದಿದೆ. ನೀರು ಸರಬರಾಜಿನ ಎಂಜಿನಿಯರ್ ಹೊಟ್ಟೆ ಕುಣಿಸಿಕೊಂಡು ನಕ್ಕು, "ಹಾಗಾದ್ರೆ ನಾಳೆಯಿಂದ ನಮ್ಮ ಹುಡುಗರು ಮೀಟರ್ ಓದೋಕೆ ಬದನೆಕಾಯಿ ಮನೆಗೆ ಹೋಗ್ಬೇಕಾ ಮೇಡಂ?" ಎಂದ. ಸಭೆಯೆಲ್ಲ ಗೊಳ್ಳೆಂದಿತು. ನೀನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಆಗಲೇ ನನಗೆ ಗೊತ್ತಾಯಿತು, ಇವನ ಕಥೆ ಮುಗಿಯಿತು ಎಂದು. "ಹೋಗ್ಲಿ ಸಾರ್. ಮನುಷ್ಯರ ಮನೆಗಂತೂ ಅವರು ವರ್ಷಗಟ್ಟಲೆ ಬರ್ತಿಲ್ಲ, ಬದನೆಕಾಯಿಗಾದ್ರೂ ಮುಖ ತೋರಿಸ್ಲಿ" ಎಂದೆ ನೀನು. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ನಾನು ಹೇಳಬೇಕಾಗಿಲ್ಲ. ಪಕ್ಕದ ಚರಂಡಿ ಯಜಮಾನರು ನನ್ನ ಕಡೆ ಬಾಗಿ "ಯಾರ್ರೀ ಆಯಮ್ಮ?" ಎಂದರು. ನನ್ನ ಸೊಸೆ ಎಂದೆ. "ಸ್ವಂತ ಸೊಸೆನಾ?" ಎಂದರು. "ಬಾಡಿಗೆಗೆ ಇಂಥವರು ಸಿಕ್ಕೋ ಹಾಗಿದ್ರೆ ವಿಳಾಸ ಕೊಡಿ, ಇನ್ನಿಬ್ಬರನ್ನ ತರ್ತೀನಿ" ಎಂದೆ.

ಅದೇ ಸಭೆಯಲ್ಲಿ ನೀನು ಇನ್ನೊಂದು ಮಾತು ಹೇಳಿದೆ. ಜಾಗವನ್ನು ಅಂಗಡಿ ಮಳಿಗೆಗಳ ಹಾಗೆ ಹನ್ನೊಂದು ತಿಂಗಳಿಗೆ ಕೊಟ್ಟರೆ ಸಾಕು, ಆಮೇಲೆ ಬೇರೆಯವರಿಗೆ ಬದಲಾಯಿಸೋಣ ಎಂದು ಆಸ್ತಿ ವಿಭಾಗದವರು ಪಟ್ಟುಹಿಡಿದಿದ್ದರು. "ಹನ್ನೊಂದು ತಿಂಗಳಿಗೆ ಅಂಗಡಿ ಕೊಡಬಹುದು, ಮಣ್ಣು ಕೊಡೋಕಾಗಲ್ಲ. ಹದ ಮಾಡೋರು ಒಬ್ರು, ಉಣ್ಣೋರು ಇನ್ನೊಬ್ರು ಆಗೋದು ಬೇಡ" ಎಂದು ನೀನು ಹೇಳಿದ ಮೇಲೆ ಐದು ವರ್ಷಕ್ಕೆ ಒಪ್ಪಿದರು. ಪ್ರತಿ ವಾರ್ಡಿಗೆ ಗುದ್ದಲಿ ಪಿಕಾಸಿ ಇಡಲು ಒಂದು ಕೋಣೆ, ಮಾರುಕಟ್ಟೆಯ ಕೊಳೆತ ತರಕಾರಿಯಿಂದ ಗೊಬ್ಬರ, ಬೆಳೆದದ್ದು ಮನೆಗೆ ಮಿಕ್ಕರೆ ಮಾರಲು ಶನಿವಾರ ಮಾರುಕಟ್ಟೆಯಲ್ಲಿ ಒಂದು ಕಟ್ಟೆ. ನಿನ್ನ ಕಾರ್ಯಕ್ರಮದ ಕರಡು ಪತ್ರಿಕೆಯಲ್ಲಿ ಅಚ್ಚಾದ ದಿನ ನಿನ್ನ ಮಾವ ಅದನ್ನು ಜೋರಾಗಿ ಓದಿದರು, ಅಲ್ಪವಿರಾಮವನ್ನೂ ಬಿಡದೆ. ಪುಸ್ತಕಗಳ ನಡುವೆ ಬದುಕು ಸವೆಸಿದವಳು ನಾನು, ಸರ್ಕಾರಿ ಕನ್ನಡ ಓದಿದರೆ ನನಗೆ ಹಲ್ಲುನೋವು ಬರುತ್ತದೆ. ನಿನ್ನ ಕರಡಿನಲ್ಲಿ ಒಂದೇ ಒಂದು 'ಸದರಿ' ಇರಲಿಲ್ಲ. ಅಷ್ಟಕ್ಕೇ ನಿನಗೊಂದು ಸನ್ಮಾನ ಮಾಡಬಹುದು.

ಇನ್ನು ಟ್ಯಾಂಕಿನ ಹಿಂದಿನ ಕಥೆ. ನೀನು ಈ ಬೀದಿಗೆ ಬಂದಾಗಿನಿಂದ ಅಲ್ಲಿ ತಂತಿಬೇಲಿಯನ್ನೂ 'ಹಸಿರು ವಲಯ' ಎಂಬ ಹಲಗೆಯನ್ನೂ ಮಾತ್ರ ನೋಡಿದ್ದೀಯ. ಅದಕ್ಕೂ ಮುಂಚೆ ಅದು ಟ್ಯಾಂಕು ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು, ಸಿಮೆಂಟು ಗಟ್ಟಿಯ ರಾಶಿ. ಟ್ಯಾಂಕು ತುಂಬಿದಾಗ ಹೊರಚೆಲ್ಲುವ ಕೊಳವೆಯ ನೀರು ದಿನವೂ ಅಲ್ಲಿ ಹರಿದು ವ್ಯರ್ಥವಾಗುತ್ತಿತ್ತು. ಆ ನೀರನ್ನು ಮೊದಲು ಕಂಡವಳು ನಿನ್ನ ಮಗಳ ಯೂನಿಫಾರಂ ಹೊಲಿಯುವ ನಮ್ಮ ಕತ್ತರಿಯಕ್ಕ. ದರ್ಜಿ ಎಂದು ಆ ಹೆಸರು ಬಂದದ್ದೋ ನಾಲಗೆಯ ಹರಿತಕ್ಕೆ ಬಂದದ್ದೋ ಗೊತ್ತಿಲ್ಲ. ಬೆಳಗ್ಗೆ ಹೊಲಿಗೆಯ ಮಿಷನ್ ಹತ್ತುವ ಮೊದಲು ಒಂದು ಬುಟ್ಟಿ ಕಲ್ಲು ಹೊರಗೆ ಹಾಕುತ್ತಿದ್ದಳು. ಅವಳ ಬಾಯಿಗೆ ಹೆದರಿಯೇ ಬೀದಿಯವರೆಲ್ಲ ಸೇರಿಕೊಂಡರು. "ಏನಣ್ಣಾ, ಬಸ್ಸು ಓಡಿಸೋ ಕೈಗೆ ಬುಟ್ಟಿ ಭಾರನಾ?" ಎಂದು ಎದುರುಮನೆ ಡ್ರೈವರನನ್ನು ಕೆಣಕಿ ಕರೆತಂದಳು. ಬಡಗಿ ಮರದ ಪುಡಿ ತಂದು ಸುರಿದ, ಮನೆಮನೆಯ ಸಿಪ್ಪೆಯೆಲ್ಲ ಅಲ್ಲಿಗೆ ಹೋಯಿತು. ಮೂರನೇ ವರ್ಷಕ್ಕೆ ಸೊಂಟದೆತ್ತರ ದಂಟು, ಹಳೇ ಕಿಟಕಿಯ ಸರಳಿಗೆ ಹಬ್ಬಿದ ಬೀನ್ಸು, ಕೋಲಿಗೆ ಕಟ್ಟಿದ ಟೊಮೇಟೊ. ನಾನು ಒಂದು ಗಿಡವನ್ನೂ ನೆಡಲಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ, ನಾಳೆ ಯಾರೂ ನನ್ನನ್ನು ಸ್ವಾರ್ಥಿ ಎನ್ನಬಾರದು. ನನ್ನ ಕೈ ತಾಗಿದರೆ ಪ್ಲಾಸ್ಟಿಕ್ ಹೂವೂ ಬಾಡುತ್ತದೆ. "ಪುಸ್ತಕದಮ್ಮ, ನೀವು ದೂರ ನಿಂತು ಓದ್ತಾ ಇರಿ, ಗಿಡ ಹೆದರ್ಕೊಳ್ತಾವೆ" ಎನ್ನುತ್ತಿದ್ದಳು ಕತ್ತರಿಯಕ್ಕ. ನಾನು ತಿಂದವಳು ಮಾತ್ರ. ಚೆನ್ನಾಗಿ ತಿಂದೆ.

ಟ್ಯಾಂಕು ನೋಡಲು ಯಾರೋ ದೊಡ್ಡವರು ಬರುತ್ತಾರೆಂದು ಆ ಬೇಸಿಗೆ ಪಾಲಿಕೆಯ ಲಾರಿ ಬಂತು. ಗುದ್ದಲಿ ಹಿಡಿದ ಆಳುಗಳು ಕೆಲಸ ಶುರುಮಾಡಿಯಾಗಿತ್ತು. ಮೇಸ್ತ್ರಿ ಒಳ್ಳೆಯ ಮನುಷ್ಯನೇ, ಮೀಸೆ ದೊಡ್ಡದು, ದನಿ ಚಿಕ್ಕದು. "ಕಳೆ ತೆಗೀತಾ ಇದ್ದೀವಮ್ಮ, ದಾರಿ ಬಿಡಿ" ಎಂದ. ಕತ್ತರಿಯಕ್ಕ ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಓಡಿಬಂದವಳು ಲಾರಿಯ ಚಕ್ರ ಹತ್ತಿ, ರಾಶಿಯೊಳಗಿಂದ ಕೆಂಪಗಾದ ಒಂದು ಟೊಮೇಟೊ ತೆಗೆದು ಅವನ ಮೂಗಿಗೆ ಹಿಡಿದಳು. "ಇದು ಕಳೆನಾ? ತಿಂದು ಹೇಳು." ಅವನು ಅತ್ತಿತ್ತ ನೋಡಿದ. ತೆಗೆದುಕೊಂಡ. ನಿಜವಾಗಿಯೂ ತಿಂದ ಕಣೇ, ಪೂರ್ತಿ ತಿಂದ. ಮೀಸೆ ಒರೆಸಿಕೊಂಡು, "ಚೆನ್ನಾಗಿದೆಯಕ್ಕ. ಆದ್ರೆ ಆರ್ಡರ್‌ನಲ್ಲಿ ಕಳೆ ಅಂತಿದೆ" ಎಂದ. ನಮ್ಮ ಭಾಷೆಯಲ್ಲಿ ಕಳೆ ಎಂದರೆ ಬೇಡದ ಗಿಡವೂ ಹೌದು, ಮುಖದ ಕಾಂತಿಯೂ ಹೌದು. ಲಾರಿ ಹೋದಮೇಲೆ ಕತ್ತರಿಯಕ್ಕನ ಮುಖ ನೋಡಿದ್ದರೆ, ಪಾಲಿಕೆ ಅವತ್ತು ಯಾವ ಕಳೆ ಕಿತ್ತಿತು ಎಂದು ನಿನಗೇ ತಿಳಿಯುತ್ತಿತ್ತು.

ಅಂದೇ ಮಧ್ಯಾಹ್ನ ಅಲ್ಲಿ ಬೆಳೆದವರೆಲ್ಲರ ಬಾಗಿಲಿಗೆ ಒತ್ತುವರಿ ನೋಟಿಸ್ ಅಂಟಿಸಿದರು. ಮೊದಲ ನೋಟಿಸ್ ಅವಳದು. ನಾನು ಪತ್ರಿಕೆಗೆ ಬರೆದೆ. ಅದರ ಕೆಳಗೇ ಪಾಲಿಕೆಯ ಉತ್ತರವೂ ಅಚ್ಚಾಯಿತು: "ಸದರಿ ಸ್ಥಳದಲ್ಲಿ ಯಾವುದೇ ಬೆಳೆ ಇರಲಿಲ್ಲ, ಇದ್ದದ್ದು ಕಳೆ ಮಾತ್ರ." ಆ ಸಾಲು ಇವತ್ತಿಗೂ ನನಗೆ ಬಾಯಿಪಾಠ. ನಿಜ ಹೇಳಬೇಕೆಂದರೆ 'ಸದರಿ' ಎಂಬ ಮಾತಿನ ಮೇಲೆ ನನಗಿರುವ ಹಗೆ ಅಲ್ಲಿಂದಲೇ ಬಂದದ್ದು. ನಾನು ಮತ್ತೆ ಬರೆದೆ, ಅವರು ಮತ್ತೆ ಉತ್ತರಿಸಲಿಲ್ಲ. ಬೇಲಿ ಬಂತು, ಹಲಗೆ ಬಂತು, ಈಗ ಅಲ್ಲಿ ಆಳೆತ್ತರ ನಿಜವಾದ ಕಳೆ ಬೆಳೆದಿದೆ. ಅದನ್ನು ತೆಗೆಯಲು ಒಬ್ಬರೂ ಬಂದಿಲ್ಲ.

ಕಳೆದ ಮಂಗಳವಾರ ಕತ್ತರಿಯಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ವಾರ್ಡ್ ಕಚೇರಿಗೆ ಹೋದಳು. ನಿನ್ನ ಕಾರ್ಯಕ್ರಮದಲ್ಲಿ ಟ್ಯಾಂಕಿನ ಹಿಂದಿನ ಜಾಗವೂ ಸೇರಿದೆ ಎಂದು ಓದಿಹೇಳಿದವಳು ನಾನೇ. ಇಷ್ಟು ವರ್ಷ ಅವಳು ಬಣ್ಣದ ಡಬ್ಬಗಳಲ್ಲಿ ಮಣ್ಣು ತುಂಬಿ ಮೆಟ್ಟಿಲುದ್ದಕ್ಕೂ ಸೊಪ್ಪು ಬೆಳೆಯುತ್ತಿದ್ದಳಲ್ಲ, ಮನೆ ಮಾಲೀಕ ಅದನ್ನೆಲ್ಲ ತಿಂಗಳೊಳಗೆ ಇಳಿಸು ಎಂದಿದ್ದಾನೆ. ಅವಳಿಗೆ ಈಗ ಆ ಜಾಗ ಬಿಟ್ಟರೆ ಬೇರೆ ಅಂಗೈಯಗಲ ನೆಲವಿಲ್ಲ. ಕೌಂಟರಿನವನು ಕಂಪ್ಯೂಟರಿನಲ್ಲಿ ಅವಳ ಹೆಸರು ಹೊಡೆದು ನೋಡಿ, "ನಿಮ್ಮ ಹೆಸರಲ್ಲಿ ಒತ್ತುವರಿ ಇದೆಯಮ್ಮ, ನಿಮಗೆ ಬರಲ್ಲ" ಎಂದನಂತೆ. ನಿನ್ನ ಕರಡಿನ ಕೊನೆಯ ಪುಟದಲ್ಲಿ ಆ ಸಾಲಿದೆ: ಹಿಂದೆ ಪಾಲಿಕೆಯ ಜಾಗವನ್ನು ಒತ್ತುವರಿ ಮಾಡಿದವರು ಅರ್ಜಿ ಹಾಕುವಂತಿಲ್ಲ. ಓದುವಾಗ ನಿನ್ನ ಮಾವ ಆ ಹೊತ್ತಿಗೆ ದನಿ ಬಿದ್ದುಹೋಗಿ ನಿಲ್ಲಿಸಿದ್ದರು, ಅದು ನನ್ನ ಕಿವಿಗೇ ಬಿದ್ದಿರಲಿಲ್ಲ. ಈಗ ಅದೇ ಜಾಗಕ್ಕೆ ಹೂಕುಂಡ ಮಾರುವ ಕಂಪನಿಯೊಂದು ಅರ್ಜಿ ಹಾಕಿದೆ. ಕಲ್ಲು ಹೊತ್ತು ಹದ ಮಾಡಿದವರು ಒಬ್ಬರು, ಉಣ್ಣುವವರು ಇನ್ನೊಬ್ಬರು.

ಅಲ್ಲಿಂದ ಅವಳು ನೇರ ನಮ್ಮ ಮನೆಗೆ ಬಂದಳು. ಬಾಯಿ ಮಾಡುತ್ತಾಳೆ ಎಂದು ಕಾದೆ. ಮಾಡಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ನೀರನ್ನು ಕುಡಿದು, "ಪುಸ್ತಕದಮ್ಮ, ಇದು ನಿಮ್ಮ ಸೊಸೆ ಬರೆದಿದ್ದಾ?" ಎಂದು ಕೇಳಿದಳು. ಅಷ್ಟೇ. ಅಲ್ಲ ಎನ್ನೋಣವೆಂದರೆ ಕೆಳಗೆ ನಿನ್ನ ಸಹಿ ಇದೆ.

ಬುಧವಾರ ಫೋನಿನಲ್ಲಿ ನೀನು ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನೆ. "ಅತ್ತೆ, ಅದು ಕಾನೂನು ವಿಭಾಗದವರು ಕೊನೇಲಿ ಸೇರಿಸಿದ ಸಾಲು. ಬಂದಮೇಲೆ ಅಕ್ಕನ ವಿಷಯ ಹೇಗಾದ್ರೂ ನೋಡ್ತೀನಿ" ಎಂದೆ. ಸೇರಿಸಿದವರು ಅವರು ಎಂಬುದನ್ನು ಪೂರ್ತಿ ನಂಬುತ್ತೇನೆ. ಆದರೆ ಆ 'ಹೇಗಾದ್ರೂ' ನನಗೆ ಹಿಡಿಸಲಿಲ್ಲ. ಮುಂಬಾಗಿಲು ಮುಚ್ಚಿ ಹಿತ್ತಿಲ ಬಾಗಿಲು ತೆಗೆಯುವಾಗ ಬಳಸುವ ಮಾತದು. ಕತ್ತರಿಯಕ್ಕನಿಗೆ ನನ್ನ ಪರಿಚಯವಿದೆ, ನನಗೆ ನೀನಿದ್ದೀಯ, ಹೇಗೋ ಆಗುತ್ತದೆ. ಇದೇ ಊರಿನಲ್ಲಿ ರೈಲು ಹಳಿಯ ಪಕ್ಕ, ಸ್ಮಶಾನದ ಗೋಡೆಯ ಪಕ್ಕ ಹೀಗೇ ಬೆಳೆದು ಹೀಗೇ ನೋಟಿಸ್ ತಿಂದವರಿದ್ದಾರೆ. ಈ ಊರಿನಲ್ಲಿ ಮಣ್ಣು ಬಲ್ಲವರು ಎಂದರೆ ಬಹುಮಟ್ಟಿಗೆ ಅವರೇ. ಅವರ ಮನೆಯಲ್ಲಿ ಅಧಿಕಾರಿ ಸೊಸೆಯಿಲ್ಲ. ಸೊಸೆ ಇದ್ದ ಮನೆಯ ಬೀದಿಗೆ ಮಾತ್ರ ಸಿಗುವುದನ್ನು ನ್ಯಾಯ ಎನ್ನಲು ನನ್ನಿಂದಾಗದು, ಅದು ಉಪಕಾರ. ಉಪಕಾರಕ್ಕಾಗಿ ನೀನು ಎರಡು ವರ್ಷ ಚಪ್ಪಲಿ ಸವೆಸಬೇಕಿರಲಿಲ್ಲ.

"ಅಮ್ಮಾ, ಅವಳು ಬರ್ಲಿ, ಮನೇಲೇ ಕೂತು ಮಾತಾಡಿ ಮುಗಿಸೋಣ. ನಾಲ್ಕು ಜನರ ಮುಂದೆ ಅತ್ತೆ ಸೊಸೆ ಜಗಳ ಅಂತ ಪೇಪರ್‌ನೋರು ಬರೀತಾರೆ" ಎಂದು ನಿನ್ನ ಗಂಡ ಎರಡು ದಿನದಿಂದ ಸೌಟು ಹಿಡಿದುಕೊಂಡೇ ನನ್ನ ಹಿಂದೆ ಸುತ್ತುತ್ತಿದ್ದಾನೆ. ಬರೆಯಲಿ ಬಿಡು. ಉಪ್ಪು ಹಾಕಿದೆಯಾ ಇಲ್ಲವಾ ಎಂಬಂಥ ಜಗಳಕ್ಕೆ ಮನೆಯಿದೆ, ಊರಿನ ಜಗಳ ಊರಿನಲ್ಲೇ ಆಗಬೇಕು. ಅಷ್ಟಕ್ಕೂ ನಿನ್ನ ಮೇಲೆ ನನಗಿರುವುದು ಕೋಪವಲ್ಲ. ಆ ಎಂಜಿನಿಯರನ ಎದುರು ಕನ್ನಡಕ ಒರೆಸಿಕೊಂಡವಳಿಗೆ ಕಾನೂನು ವಿಭಾಗದ ಒಂದು ಸಾಲು ಹೊಡೆದುಹಾಕುವುದು ಕಷ್ಟವಲ್ಲ ಎಂದು ನಾನು ಬಲ್ಲೆ. ನನಗೆ ಬೇಕಾದದ್ದು ಅಷ್ಟೇ ಅಲ್ಲ ಎಂಬುದೇ ತೊಡಕು.

ಮಾತ್ರೆ ಮರೆಯಬೇಡ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತಲೆಗೆ ಗಾಳಿ ಹೊಡೆಸಿಕೊಳ್ಳಬೇಡ. ಮಗಳು ನಿನಗೆಂದು ಒಂದು ಚಿತ್ರ ಬರೆದಿದ್ದಾಳೆ, ಲಕೋಟೆಯಲ್ಲಿಟ್ಟಿದ್ದೇನೆ. ಅದರಲ್ಲಿ ನಿನ್ನ ತಲೆಗಿಂತ ಕುಂಬಳಕಾಯಿ ದೊಡ್ಡದಾಗಿದೆ, ಬೇಸರಪಡಬೇಡ. ನಿನ್ನ ಮಾವ ನಿನಗೆ ಬಹಳ ಬಹಳ ಹೇಳಿದ್ದಾರೆ, ಏನೆಂದು ಮಾತ್ರ ಹೇಳಿಲ್ಲ. ನೀನು ಈ ಮನೆಗೆ ಬಂದದ್ದು ನಮ್ಮ ಪುಣ್ಯ, ಪಾಲಿಕೆಗೆ ಹೋದದ್ದು ಊರಿನ ಪುಣ್ಯ. ನೂರು ಕಾಲ ಚೆನ್ನಾಗಿ ಬಾಳು.

ಇತಿ,
ನಿನ್ನನ್ನು ಸಾಕು ಸಾಕೆನಿಸುವಷ್ಟು ಪ್ರೀತಿಸುವ
ಅತ್ತೆ

ಮರೆತಿದ್ದೆ: ಇವತ್ತೇ ಪೆಟ್ಟಿಗೆಗೆ ಹಾಕಿದರೆ ನಾಳೆ ಬೆಳಗಿನ ಅಂಚೆಗೆ ಹೋಗುತ್ತದೆ, ಬೇಗ ಬರೆಯುತ್ತೇನೆ. ನಿನ್ನ ಕರಡಿನ ಬಗ್ಗೆ ಜನರ ಮಾತು ಕೇಳಲು ನೀನೇ ಬಂದು ನಡೆಸುವ ಗುರುವಾರದ ಅಹವಾಲು ಸಭೆಯಲ್ಲಿ ಮಾತಾಡಲು ನನ್ನ ಹೆಸರು ಕೊಟ್ಟುಬಂದಿದ್ದೇನೆ. "ಮೇಡಂಗೂ ನಿಮಗೂ ಏನಾದ್ರೂ ಸಂಬಂಧ ಇದೆಯಾ?" ಎಂದು ಅಲ್ಲಿಯ ಹುಡುಗಿ ಕೇಳಿದಳು. ಅವರು ಅಧಿಕಾರಿ, ನಾನು ಈ ಊರಿನ ನಿವಾಸಿ ಎಂದೆ. ನನ್ನ ಪ್ರಶ್ನೆಯನ್ನು ಮುಂಚೆಯೇ ಕೊಡುತ್ತಿದ್ದೇನೆ, ನೀನು ಸಿದ್ಧವಾಗಿ ಬರಬೇಕು. ಟ್ಯಾಂಕಿನ ಹಿಂದೆ ಇದ್ದದ್ದು ಕಳೆ ಎಂದು ಪಾಲಿಕೆ ಅಚ್ಚುಹಾಕಿಸಿದೆ. ಕಳೆಯನ್ನು ಯಾರೂ ಬಿತ್ತುವುದಿಲ್ಲ, ಅದು ತಾನಾಗಿ ಹುಟ್ಟುತ್ತದೆ. ಹಾಗಿದ್ದರೆ ಅಲ್ಲಿ ಯಾರೂ ಏನೂ ಬೆಳೆದಿಲ್ಲ, ಒತ್ತುವರಿಯೂ ಆಗಿಲ್ಲ. ಕತ್ತರಿಯಕ್ಕನ ಹೆಸರಿಗೆ, ಅವಳಂಥ ಎಲ್ಲರ ಹೆಸರಿಗೆ ಅಂಟಿರುವ ಆ ಮಾತನ್ನು ಅಳಿಸಿ. ಇಲ್ಲ, ಅವಳು ಬಿತ್ತಿದ್ದಳು, ನೀರು ಹಾಕಿದ್ದಳು, ಅದಕ್ಕೇ ನೋಟಿಸ್ ಕೊಟ್ಟೆವು ಎನ್ನುವುದಾದರೆ ನೀವು ಲಾರಿಗೆ ತುಂಬಿದ್ದು ಅವಳ ಬೆಳೆ. ಬೆಳೆ ಕಿತ್ತೆವು, ತಪ್ಪಾಯಿತು ಎಂದು ಅವಳಿಗೆ ಹೇಳಿ. ಹನ್ನೆರಡು ವರ್ಷ ಎರಡು ನಾಲಗೆಯಲ್ಲಿ ಮಾತಾಡಿದ್ದು ಸಾಕು. ಇದಕ್ಕೆ ಫೋನು ಮಾಡಬೇಡ, ಊಟಕ್ಕೆ ಕೂತಾಗ ಮೆಲ್ಲಗೆ ಹೇಳಬೇಡ. ಅವಳು ಮೊದಲ ಸಾಲಿನಲ್ಲಿ ಕೂತಿರುತ್ತಾಳೆ. ಎದ್ದು ನಿಂತು, ಮೈಕು ಹತ್ತಿರ ಎಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಪಾಲಿಕೆಯ ಪರವಾಗಿ ಉತ್ತರ ಹೇಳು: ಅದು ಬೆಳೆಯೋ, ಕಳೆಯೋ?